ಜೇಬಿನ ಚಾಕುವಿಗೆ ಎಷ್ಟುದ್ದ ಸಾಕು?

ನನ್ನ ದೊಡ್ಡ ಮಡಚು ಚಾಕುವಿನ ಅಲಗು 9.5 ಸೆಂಟಿಮೀಟರ್. ಒಂದು ಭಾನುವಾರ ಅದರ ಬಾಯಿಯುದ್ದಕ್ಕೂ ಕಪ್ಪು ಮಾರ್ಕರ್ ಬಳಿದೆ, ಒಣಗಿದ ಮೇಲೆ ಜೇಬಿಗೆ ಹಾಕಿಕೊಂಡೆ. ವಾರವಿಡೀ ಎಂದಿನಂತೆಯೇ ಬಳಸಿದೆ. ಪಾರ್ಸೆಲ್ಲುಗಳ ಟೇಪು ಸೀಳಿದೆ, ದಾರ ಕತ್ತರಿಸಿದೆ, ಪೆನ್ಸಿಲ್ ಹೆರೆದೆ, ಅಂಗಿಯಿಂದ ಲೇಬಲ್ ಬಿಡಿಸಿದೆ. ಮಾರ್ಕರ್ ಮಸಿ ಹೊಟ್ಟೆಗೆ ಹೋಗುವುದು ಬೇಡವೆಂದು ಹಣ್ಣಿನ ತಂಟೆಗೆ ಮಾತ್ರ ಹೋಗಲಿಲ್ಲ. ಮುಂದಿನ ಭಾನುವಾರ ಅಲಗನ್ನು ದೀಪದ ಕೆಳಗೆ ಹಿಡಿದು ನೋಡಿದರೆ ಮೊನೆಯ ಕಡೆಯ ಎರಡೂವರೆ ಸೆಂಟಿಮೀಟರ್ ಮಸಿಯೆಲ್ಲ ಹೋಗಿ ಹೊಳೆಯುತ್ತಿತ್ತು. ಹಿಡಿಯ ಹತ್ತಿರ, ಪೆನ್ಸಿಲ್ ಹೆರೆದ ಜಾಗದಲ್ಲಿ, ಇನ್ನೊಂದೂವರೆ ಸೆಂಟಿಮೀಟರ್ ಸವೆದಿತ್ತು. ನಡುವಿನ ಐದೂವರೆ ಸೆಂಟಿಮೀಟರಿನಲ್ಲಿ ಒಂದೆರಡು ಗೀರು ಬಿಟ್ಟರೆ ಮಸಿ ಬಳಿದ ಹಾಗೇ ಇತ್ತು.

ವಾರವೆಲ್ಲ ಅಷ್ಟು ಉಕ್ಕನ್ನು ಸುಮ್ಮನೆ ಹೊತ್ತು ತಿರುಗಿದ್ದೆ! ಹಾಗಾದರೆ ಚಿಕ್ಕದೇ ಸಾಕಲ್ಲ ಎಂದು ನಾಲ್ಕು ಸೆಂಟಿಮೀಟರ್ ಅಲಗಿನ ಪುಟಾಣಿ ಚಾಕುವಿಗೆ ಇಳಿದೆ. ಟೇಪಿಗೆ, ದಾರಕ್ಕೆ ಅದು ಸೊಗಸಾಗಿತ್ತು. ದಪ್ಪ ರಟ್ಟಿನ ಪೆಟ್ಟಿಗೆಯನ್ನು ತುಂಡು ಮಾಡಲು ಕೂತಾಗ ಮಾತ್ರ ಐದೇ ನಿಮಿಷಕ್ಕೆ ಹೆಬ್ಬೆರಳು ಜೋಮು ಹಿಡಿಯಿತು, ತೋರುಬೆರಳಿನ ಮಗ್ಗುಲಲ್ಲಿ ಕೆಂಪು ಗೆರೆ ಮೂಡಿತು. ರಟ್ಟಿನ ದಪ್ಪ ಹೆಚ್ಚೆಂದರೆ ಏಳು ಮಿಲಿಮೀಟರ್ ಇದ್ದೀತು. ಅದನ್ನು ಕೊಯ್ಯಲು ನಾಲ್ಕು ಸೆಂಟಿಮೀಟರ್ ಅಲಗು ಬೇಕಾದಷ್ಟಾಯಿತು. ಸಾಲದೆ ಹೋದದ್ದು ಹಿಡಿ.

ಚಾಕು ಕೊಳ್ಳುವವರೆಲ್ಲ ಅಲಗಿನ ಉದ್ದ ಕೇಳುತ್ತಾರೆ. ಹಿಡಿಯ ಉದ್ದ ಕೇಳಿದವರನ್ನು ನಾನು ಕಂಡಿಲ್ಲ. ಮನುಷ್ಯನ ಕೈ ವಸ್ತುಗಳನ್ನು ಮುಖ್ಯವಾಗಿ ಎರಡು ಬಗೆಯಲ್ಲಿ ಹಿಡಿಯುತ್ತದೆ ಎಂದು ಬ್ರಿಟಿಷ್ ಅಂಗರಚನಾಶಾಸ್ತ್ರಜ್ಞ ಜಾನ್ ನೇಪಿಯರ್ 1956ರಲ್ಲಿ ಬರೆದರು. ಒಂದು, ಬೆರಳುಗಳೆಲ್ಲ ಮಡಿಚಿಕೊಂಡು ವಸ್ತುವನ್ನು ಅಂಗೈಗೆ ಒತ್ತಿ ಹಿಡಿಯುವ ಬಲದ ಹಿಡಿತ. ಸುತ್ತಿಗೆ ಹಿಡಿಯುವುದು ಹೀಗೆ. ಇನ್ನೊಂದು, ಹೆಬ್ಬೆರಳು ಮತ್ತು ಬೆರಳ ತುದಿಗಳ ನಡುವೆ ಹಿಡಿಯುವ ನಾಜೂಕು ಹಿಡಿತ. ಪೆನ್ನು ಹಿಡಿಯುವುದು ಹಾಗೆ. ಬೆರಳ ತುದಿಗಳಲ್ಲಿ ಚಿವುಟಿ ಹಿಡಿದಾಗ ಸಿಗುವ ಬಲ ಮುಷ್ಟಿಯ ಬಲದ ಕಾಲು ಭಾಗವೋ ಅದಕ್ಕೂ ಕಡಿಮೆಯೋ ಇರುತ್ತದೆ. ಪುಟಾಣಿ ಚಾಕುವಿನ ಹಿಡಿಗೆ ಎರಡು ಬೆರಳು, ಒತ್ತರಿಸಿದರೆ ಎರಡೂವರೆ ಬೆರಳು ಹಿಡಿಸುತ್ತದೆ. ಉಳಿದ ಬೆರಳುಗಳು ಗಾಳಿಯಲ್ಲಿ. ಅಂದರೆ ಸುತ್ತಿಗೆಯ ಕೆಲಸವನ್ನು ಪೆನ್ನಿನ ಹಿಡಿತದಲ್ಲಿ ಮಾಡಲು ಹೊರಟಿದ್ದೆ.

ದೊಡ್ಡವರ ಅಂಗೈಯಲ್ಲಿ ನಾಲ್ಕು ಬೆರಳುಗಳ ಬುಡದ ಅಡ್ಡಗಲ ಸಾಮಾನ್ಯವಾಗಿ ಏಳೂವರೆಯಿಂದ ಒಂಬತ್ತು ಸೆಂಟಿಮೀಟರ್ ಆಸುಪಾಸಿನಲ್ಲಿರುತ್ತದೆ. ನನ್ನದು 8.4. ನಾಲ್ಕೂ ಬೆರಳು ಕೂರಬೇಕಾದರೆ ಹಿಡಿ ಅದಕ್ಕಿಂತ ತುಸು ಉದ್ದವಿರಬೇಕು. ಇನ್ನು ಮಡಚು ಚಾಕುವಿನಲ್ಲಿ ಅಲಗು ಹಿಡಿಯೊಳಗೇ ಮಲಗಬೇಕು. ಕೀಲಿನ ಜಾಗವನ್ನೂ ಮೊನೆಯ ಮುಂದಿನ ಅಂಚನ್ನೂ ಕಳೆದರೆ ಒಂಬತ್ತೂವರೆ ಸೆಂಟಿಮೀಟರ್ ಹಿಡಿಯೊಳಗೆ ಏಳು ಸೆಂಟಿಮೀಟರ್ ಅಲಗು ಹಿಡಿಸುತ್ತದೆ. ನೋಡಿ, ಅಲಗಿನ ಉದ್ದವನ್ನು ಯಾರೂ ಕೂತು ಆರಿಸಲೇ ಇಲ್ಲ, ಅಂಗೈ ತಾನಾಗಿ ಗೊತ್ತುಮಾಡಿಬಿಟ್ಟಿತು.

ಹಳೆಯ ತಯಾರಕರು ಇದನ್ನು ಅನುಭವದಿಂದಲೇ ಕಂಡುಕೊಂಡಿದ್ದರೆಂದು ತೋರುತ್ತದೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1897ರಲ್ಲಿ ನೋಂದಾಯಿಸಿದ ಅಧಿಕಾರಿಗಳ ಚಾಕುವಿನ ವಂಶದಲ್ಲಿ ಇವತ್ತಿಗೂ ಹೆಚ್ಚು ಬಳಕೆಯಲ್ಲಿರುವ ಅಳತೆ, ಮಡಚಿದಾಗ 91 ಮಿಲಿಮೀಟರ್. ಫ್ರಾನ್ಸಿನ ಸವೋಯ್ ಪ್ರಾಂತ್ಯದ ಜೋಸೆಫ್ ಒಪಿನೆಲ್ ಅದೇ 1897ರ ಹೊತ್ತಿಗೆ ತಮ್ಮ ಮರದ ಹಿಡಿಯ ಚಾಕುವನ್ನು 1ರಿಂದ 12ರವರೆಗೆ ನಂಬರು ಹಾಕಿ ಹನ್ನೆರಡು ಅಳತೆಗಳಲ್ಲಿ ತಯಾರಿಸಿದರು. ತೀರಾ ಪುಟ್ಟದಾಗಿದ್ದ 1ನೇ ನಂಬರು 1930ರ ದಶಕದಲ್ಲಿ ನಿಂತುಹೋಯಿತು. ಅಕ್ಕಪಕ್ಕದ ನಂಬರುಗಳಿಗೆ ತೀರಾ ಹತ್ತಿರವಿದ್ದ 11ನೆಯದೂ ಹೋಯಿತು. ಎಲ್ಲಕ್ಕಿಂತ ಜನಪ್ರಿಯವಾದದ್ದು 8.5 ಸೆಂಟಿಮೀಟರ್ ಅಲಗಿನ 8ನೇ ನಂಬರು.

ಹಾಗೆಂದು ಉದ್ದಕ್ಕೆ ಬೆಲೆಯೇ ಇಲ್ಲವೆಂದಲ್ಲ. ಸ್ಪಂಜನ್ನೋ ಮೆತ್ತನೆಯ ಹಣ್ಣನ್ನೋ ಮೇಲಿನಿಂದ ಒತ್ತಿ ಕತ್ತರಿಸಲು ಹೋದರೆ ಅದು ಅಪ್ಪಚ್ಚಿಯಾಗುತ್ತದೆ. ಅಲಗನ್ನು ಎಳೆಯುತ್ತಾ ಇಳಿಸಿದರೆ ಸಲೀಸಾಗಿ ಕೊಯ್ಯುತ್ತದೆ. ಎಲ್ಲರಿಗೂ ಕೈಗೆ ಗೊತ್ತಿರುವ ಈ ಸಂಗತಿಗೆ ಬ್ರಿಟಿಷ್ ಎಂಜಿನಿಯರ್ ಟೋನಿ ಅಟ್ಕಿನ್ಸ್ ಮತ್ತು ಸಂಗಡಿಗರು 2004ರಲ್ಲಿ, ಚೀಸ್ ಮತ್ತು ಸಲಾಮಿಯನ್ನು ಪ್ರಯೋಗಶಾಲೆಯಲ್ಲಿ ತೆಳ್ಳಗೆ ಹೆಚ್ಚಿ, ಒಂದು ಸರಳ ಲೆಕ್ಕ ಕೊಟ್ಟರು. ಅಲಗು ಒಂದು ಸೆಂಟಿಮೀಟರ್ ಕೆಳಗಿಳಿಯುವಷ್ಟರಲ್ಲಿ ಎಷ್ಟು ಸೆಂಟಿಮೀಟರ್ ಅಡ್ಡ ಜಾರುತ್ತದೆ ಎಂಬುದೇ ಮುಖ್ಯ. ಘರ್ಷಣೆಯನ್ನು ಬದಿಗಿಟ್ಟರೆ, ಒಂದಕ್ಕೆ ಒಂದು ಜಾರಿದಾಗ ಕೆಳಮುಖವಾಗಿ ಒತ್ತಬೇಕಾದ ಬಲ ಅರ್ಧಕ್ಕಿಳಿಯುತ್ತದೆ. ಒಂದಕ್ಕೆ ಎರಡಾದರೆ ಐದನೇ ಒಂದು ಭಾಗ, ಮೂರಾದರೆ ಹತ್ತನೇ ಒಂದು ಭಾಗ. ಒಟ್ಟು ವ್ಯಯವಾಗುವ ಶಕ್ತಿಯೇನೂ ಕಡಿಮೆಯಾಗುವುದಿಲ್ಲ. ಒತ್ತುವ ಕೆಲಸವನ್ನು ಎಳೆಯುವ ಕೆಲಸಕ್ಕೆ ವರ್ಗಾಯಿಸುತ್ತೀರಿ, ಅಷ್ಟೆ. ಆದರೆ ವಸ್ತುವನ್ನು ಜಜ್ಜುವುದು ಒತ್ತುವ ಬಲವಾದ್ದರಿಂದ ಫಲಿತಾಂಶದಲ್ಲಿ ಅಜಗಜಾಂತರ.

ಮೂರು ಸೆಂಟಿಮೀಟರ್ ದಪ್ಪದ ಹಗ್ಗವನ್ನು ಒಂದಕ್ಕೆ ಎರಡರಂತೆ ಒಂದೇ ಎಳೆತದಲ್ಲಿ ಕೊಯ್ಯಬೇಕೆಂದರೆ ಅಲಗು ಆರು ಸೆಂಟಿಮೀಟರ್ ಜಾರಬೇಕು, ಅದರ ಮೇಲೆ ಹಗ್ಗದ ಅಗಲಕ್ಕೂ ಜಾಗ ಬೇಕು. ಅಲ್ಲಿಗೆ ಒಂಬತ್ತು ಸೆಂಟಿಮೀಟರ್ ಆಯಿತು. ನನ್ನ ದೊಡ್ಡ ಚಾಕು ಸಾರ್ಥಕವಾಗುವ ಜಾಗ ಇದೇ. ಚಿಕ್ಕದರಲ್ಲೂ ಹಗ್ಗ ಕೊಯ್ಯಬಹುದು, ಗರಗಸದ ಹಾಗೆ ಹಿಂದೆ ಮುಂದೆ ಆಡಿಸಿದರೆ ಆಯಿತು; ಒಂದೊಂದು ಸಲ ದಿಕ್ಕು ಬದಲಿಸಿದಾಗಲೂ ಕೊಯ್ದ ಮುಖದಲ್ಲಿ ಒಂದೊಂದು ಮೆಟ್ಟಿಲು ಮೂಡುತ್ತದೆ. ಹಾಸಿಗೆಯ ಫೋಮ್ ಕತ್ತರಿಸಿದವರಿಗೆ ಆ ಮೆಟ್ಟಿಲುಗಳ ಪರಿಚಯ ಇದ್ದೇ ಇರುತ್ತದೆ. ಪ್ರಶ್ನೆ ಇಷ್ಟೇ: ಅಂಥ ಕೆಲಸ ದಿನಕ್ಕೆಷ್ಟು ಸಲ ಬರುತ್ತದೆ? ನನ್ನ ಮಾರ್ಕರ್ ವಾರದಲ್ಲಿ ಒಮ್ಮೆಯೂ ಬರಲಿಲ್ಲ.

ಉದ್ದಕ್ಕೆ ಬೇರೆಡೆ ದಂಡ ತೆರಬೇಕಾಗುತ್ತದೆ. ಮಡಚು ಚಾಕುವೆಂದರೆ ಕೀಲಿನ ಮೇಲೆ ನಿಂತ ಸನ್ನೆಕೋಲು. ತೆರೆದ ಅಲಗಿನ ಮೊನೆಯ ಮೇಲೆ, ಬೆನ್ನಿನ ಕಡೆಯಿಂದ, ಎರಡು ಕಿಲೋ ತೂಕದಷ್ಟು, ಅಂದರೆ ಸುಮಾರು 20 ನ್ಯೂಟನ್, ಬಲ ಬಿತ್ತೆನ್ನಿ. ಅಲಗು ಮಡಚಿಕೊಳ್ಳದಂತೆ ತಡೆಯುವ ಲಾಕ್ ಕೀಲಿನಿಂದ ಐದೇ ಮಿಲಿಮೀಟರ್ ದೂರದಲ್ಲಿದ್ದರೆ, ಏಳು ಸೆಂಟಿಮೀಟರ್ ಅಲಗಿನಲ್ಲಿ ಅದು 280 ನ್ಯೂಟನ್ ತಡೆದುಕೊಳ್ಳಬೇಕು. ಒಂಬತ್ತೂವರೆ ಸೆಂಟಿಮೀಟರಿನಲ್ಲಿ 380. ಅಂದರೆ ಉಗುರಿನಷ್ಟು ಲೋಹದ ಮೇಲೆ ಹೆಚ್ಚುಕಡಿಮೆ 39 ಕಿಲೋ ಭಾರ. ಒಳ್ಳೆಯ ಲಾಕುಗಳು ಇದನ್ನು ತಡೆಯುತ್ತವೆ, ಆ ಮಾತು ಬೇರೆ. ಆದರೆ ಕೀಲು ಸಡಿಲವಾಗಿ ಅಲಗು ಕುಲುಕಾಡತೊಡಗಿದಾಗ ಉದ್ದದ ಚಾಕುವಿನಲ್ಲಿ ಅದು ಬೇಗ ಕಣ್ಣಿಗೆ ಬೀಳುವುದೂ ಇದೇ ಕಾರಣಕ್ಕೆ.

ಚಿಕ್ಕದಾದರೆ ಭಯವಿಲ್ಲ ಅಂದುಕೊಂಡಿದ್ದ ನನಗೆ ಪಾಠ ಕಲಿಸಿದ್ದು ಆ ಪುಟಾಣಿಯೇ. ಅದಕ್ಕೆ ಲಾಕ್ ಇರಲಿಲ್ಲ. ಬೆನ್ನಿನ ಸ್ಪ್ರಿಂಗ್ ಮಾತ್ರ ಅಲಗನ್ನು ಹಿಡಿದಿಟ್ಟಿತ್ತು. ಹಳೆಯ ಬೆಲ್ಟಿಗೆ ಇನ್ನೊಂದು ತೂತು ಬೇಕಾಗಿತ್ತು. ಮೊನೆಯನ್ನು ಚರ್ಮಕ್ಕೆ ಒತ್ತಿ ತಿರುವಿದೆ, ಅದು ಸಿಕ್ಕಿಕೊಂಡಿತು, ಹಿಡಿಯನ್ನು ಸ್ವಲ್ಪ ಮೇಲಕ್ಕೆತ್ತಿದೆ. ಟಿಕ್ ಎಂದು ಅಲಗು ಮಡಚಿಕೊಂಡು ತೋರುಬೆರಳಿನ ಮೇಲೆ ಕೂತಿತು. ಮೊದಲು ಬಿಳಿ ಗೆರೆ, ಆಮೇಲೆ ಒಂದು ಕ್ಷಣ ಬಿಟ್ಟು ರಕ್ತ. ಚುಚ್ಚುವ ಕೆಲಸಕ್ಕೆ ಲಾಕಿಲ್ಲದ ಚಾಕು ಹಿಡಿದದ್ದು ನನ್ನದೇ ಪೆದ್ದುತನ. ಒಪಿನೆಲ್ ಚಾಕುಗಳಿಗೂ ಮೊದಲು ಲಾಕ್ ಇರಲಿಲ್ಲ. ಕೀಲಿನ ಸುತ್ತ ತಿರುಗಿಸಿ ಭದ್ರಪಡಿಸುವ ಉಂಗುರ ಬಂದದ್ದು 1955ರಲ್ಲಿ.

ಕಾನೂನಿನ ಲೆಕ್ಕಾಚಾರ ಇಲ್ಲಿ ವಿಚಿತ್ರ. ಬ್ರಿಟನ್ನಿನ 1988ರ ಕಾಯಿದೆಯ ಪ್ರಕಾರ ಕಾರಣ ಕೊಡದೆ ಸಾರ್ವಜನಿಕ ಸ್ಥಳದಲ್ಲಿ ಇಟ್ಟುಕೊಳ್ಳಬಹುದಾದದ್ದು ಕತ್ತರಿಸುವ ಅಂಚು 3 ಇಂಚು, ಅಂದರೆ 7.62 ಸೆಂಟಿಮೀಟರ್, ಮೀರದ ಮಡಚು ಚಾಕು. ಅಲಗು ಲಾಕ್ ಆಗುವಂತಿದ್ದರೆ ಅಲ್ಲಿನ ನ್ಯಾಯಾಲಯಗಳು ಅದನ್ನು ಈ ವಿನಾಯಿತಿಗೆ ಸೇರಿಸುವುದಿಲ್ಲ. ನನ್ನ ಬೆರಳು ಕೊಯ್ದದ್ದಕ್ಕೆ ಅಲ್ಲಿ ಅನುಮತಿಯಿದೆ, ಬೆರಳು ಕಾಯುವಂಥದ್ದಕ್ಕೆ ಇಲ್ಲ! ವಿಮಾನದಲ್ಲಿ ಇನ್ನೊಂದು ಗೆರೆ. ಐರೋಪ್ಯ ಒಕ್ಕೂಟದ ನಿಯಮ ಆರು ಸೆಂಟಿಮೀಟರಿಗಿಂತ ಉದ್ದದ ಅಲಗನ್ನು ಕ್ಯಾಬಿನ್ನಿಗೆ ಬಿಡುವುದಿಲ್ಲ. ಅಮೆರಿಕ 2013ರ ಮಾರ್ಚಿನಲ್ಲಿ ಹೆಚ್ಚುಕಡಿಮೆ ಅದೇ ಅಳತೆಯವರೆಗೆ ಬಿಡುತ್ತೇವೆಂದು ಸಾರಿ, ಜೂನಿನಲ್ಲಿ ಮಾತು ಹಿಂತೆಗೆದುಕೊಂಡಿತು. ಊರೂರಿಗೆ ನಿಯಮ ಬದಲಾಗುವುದರಿಂದ ಕೊಳ್ಳುವ ಮುಂಚೆ ನಿಮ್ಮಲ್ಲಿನದನ್ನು ನೋಡಿಕೊಳ್ಳಿ.

ದಪ್ಪದ ಬಗ್ಗೆ ಒಂದು ಮಾತು ಹೇಳಲೇಬೇಕು. ದೊಡ್ಡ ಚಾಕುಗಳ ಅಲಗು ಬೆನ್ನಿನಲ್ಲಿ ಮೂರರಿಂದ ನಾಲ್ಕು ಮಿಲಿಮೀಟರ್ ದಪ್ಪ ಇರುವುದುಂಟು, ಚಿಕ್ಕವುಗಳದು ಎರಡರ ಆಸುಪಾಸು. ಪಕ್ಕಕ್ಕೆ ಬಾಗುವುದನ್ನು ತಡೆಯುವ ಬಿಗುವು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ: ದಪ್ಪ ಎರಡು ಪಟ್ಟಾದರೆ ಬಿಗುವು ಎಂಟು ಪಟ್ಟು. ಕೇಳಲು ಚೆನ್ನಾಗಿದೆ. ಆದರೆ ರಟ್ಟಿನೊಳಗೆ ಇಳಿದ ಅಲಗು ಎರಡೂ ಕಡೆಯ ರಟ್ಟನ್ನು ತನ್ನ ದಪ್ಪದಷ್ಟು ಅಗಲಿಸಿಕೊಂಡು, ಉಜ್ಜಿಕೊಂಡೇ ಮುಂದೆ ಸಾಗಬೇಕು. ಅಂಚು ಎಷ್ಟೇ ಹರಿತವಾಗಿರಲಿ, ಹಿಂದೆ ಬೆಣೆ ಬಂದು ಸಿಕ್ಕಿಕೊಂಡರೆ ಕೈ ಸೋಲುತ್ತದೆ. ಉದ್ದಕ್ಕಿಂತ ಈ ದಪ್ಪವೇ ನನಗೆ ಹೆಚ್ಚು ಕಾಟ ಕೊಟ್ಟಿದೆ. ತೆಳ್ಳಗಿನ ಏಳು ಸೆಂಟಿಮೀಟರ್ ಅಲಗು ದಪ್ಪನೆಯ ಒಂಬತ್ತೂವರೆಗಿಂತ ರಟ್ಟಿನಲ್ಲಿ ಹಗುರಾಗಿ ಓಡುತ್ತದೆ.

ತೂಕದ ವಿಷಯ ಅಂದುಕೊಂಡಷ್ಟು ಘೋರವಲ್ಲ. ಎಲ್ಲ ಅಳತೆಯೂ ಒಂದೂವರೆ ಪಟ್ಟಾದರೆ ತೂಕ ಮೂರು ಪಟ್ಟು ಮೀರುತ್ತದೆ. ಗೆಲಿಲಿಯೋ 1638ರಲ್ಲೇ ಎಲುಬುಗಳನ್ನು ಇಟ್ಟುಕೊಂಡು ವಿವರಿಸಿದ ಸಂಗತಿ ಇದು. ಆದರೆ ಚಾಕು ದೊಡ್ಡದಾದರೂ ಅದನ್ನು ಹಿಡಿಯುವ ಕೈ ದೊಡ್ಡದಾಗುವುದಿಲ್ಲವಲ್ಲ! ಹಾಗಾಗಿ ತಯಾರಕರು ಉದ್ದವನ್ನು ಎಳೆಯುತ್ತಾರೆ, ಹಿಡಿಯ ದಪ್ಪವನ್ನು ಹೆಚ್ಚು ಮುಟ್ಟುವುದಿಲ್ಲ. ನನ್ನ ದೊಡ್ಡದು 118 ಗ್ರಾಂ, ಈಗ ಜೇಬಿನಲ್ಲಿರುವ ಏಳು ಸೆಂಟಿಮೀಟರಿನದು 67. ಕೂತಾಗ ತೊಡೆಗೆ ಒತ್ತುವುದು ಈ ಗ್ರಾಂಗಳಲ್ಲ, ಉದ್ದ.

ಈ ಏಳು ಸೆಂಟಿಮೀಟರಿನದಕ್ಕೂ ಮಾರ್ಕರ್ ಬಳಿದು ನೋಡಿದೆ. ನಾಲ್ಕನೇ ದಿನಕ್ಕೇ ಹೆಚ್ಚುಕಡಿಮೆ ಇಡೀ ಬಾಯಿ ಬೆಳ್ಳಗಾಗಿತ್ತು. ಎಲ್ಲ ಉಕ್ಕೂ ದುಡಿಯುತ್ತಿದೆ ಎಂದು ಖುಷಿಪಟ್ಟೆ. ಖುಷಿಯ ಇನ್ನೊಂದು ಮುಖ ಮೂರು ವಾರಕ್ಕೆ ಗೊತ್ತಾಯಿತು: ಅದೇ ಕೆಲಸ ಕಡಿಮೆ ಉದ್ದದ ಅಂಚಿನ ಮೇಲೆ ಬಿದ್ದು ಚಾಕು ಬೇಗ ಮೊಂಡಾಗಿತ್ತು. ಅಂಚು ಹಾಳಾಗಲು ಗಟ್ಟಿ ವಸ್ತುವೇ ಬೇಕೆಂದಿಲ್ಲ. ಉಕ್ಕಿಗಿಂತ ಐವತ್ತು ಪಟ್ಟು ಮೃದುವಾದ ಕೂದಲೂ ರೇಜರ್ ಅಲಗಿನ ಅಂಚಿನಿಂದ ಚೂರು ಎಬ್ಬಿಸಬಲ್ಲದೆಂದು ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ಸೂಕ್ಷ್ಮದರ್ಶಕದ ಅಡಿಯಲ್ಲಿ ತೋರಿಸಿದ್ದಾರೆ. ರಟ್ಟಂತೂ ಅದಕ್ಕಿಂತ ಒರಟು. ದೊಡ್ಡ ಚಾಕುವಿನಲ್ಲಿ ಮೊನೆ ಮೊಂಡಾದರೆ ನಡುವಿನ ಭಾಗಕ್ಕೆ ಸರಿದು ಕೆಲಸ ಸಾಗಿಸುತ್ತಿದ್ದೆ. ಇದರಲ್ಲಿ ಸರಿಯಲು ಜಾಗವಿಲ್ಲ. ಈಗ ತಿಂಗಳಿಗೆ ಎರಡು ಸಲ ಸಾಣೆ ಕಲ್ಲು ನೆನೆಹಾಕುತ್ತೇನೆ. ದೊಡ್ಡದು ಹಗ್ಗದ ಸುರುಳಿಯ ಪಕ್ಕ ಚೀಲದಲ್ಲಿದೆ, ನಡುವೆ ಇನ್ನೂ ಒಂದಿಷ್ಟು ಮಾರ್ಕರ್ ಮಸಿ ಉಳಿಸಿಕೊಂಡು.