ಬೆರಳು ತಾಳಕ್ಕಿಂತ ಮೊದಲೇ ಹೊರಡಬೇಕು

ಜಪಾನಿ ಕಾರ್ಟೂನ್‌ಗಳ ಅನಿಮೆ ಶೈಲಿಯ ಚಿತ್ರ, ಓದುವ ಕತೆ, ತಾಳಕ್ಕೆ ಸರಿಯಾಗಿ ಬೆರಳಾಡಿಸುವ ಹಾಡು. ಮೂರೂ ಸೇರಿದ ಆಟಗಳಲ್ಲಿ ಎರಡು ಥರದ ಸಮಯ ಇರುತ್ತದೆ. ಕತೆಯ ಭಾಗದಲ್ಲಿ ಪರದೆಯ ಮೇಲೆ ಇಬ್ಬರೋ ಮೂವರೋ ನಿಂತಿರುತ್ತಾರೆ. ಕೆಳಗಿನ ಚೌಕದಲ್ಲಿ ಮಾತು ಒಂದೊಂದೇ ಅಕ್ಷರವಾಗಿ ಮೂಡುತ್ತದೆ. ಬೆರಳು ತಾಗಿಸಿದರೆ ಮುಂದಿನ ಮಾತು. ತಾಗಿಸದಿದ್ದರೆ ಪಾತ್ರಗಳು ಕಣ್ಣು ಮಿಟುಕಿಸುತ್ತಾ ಅಲ್ಲೇ ಕಾಯುತ್ತವೆ, ಎಷ್ಟು ಹೊತ್ತಾದರೂ ಸರಿ. ಆಮೇಲೆ ಹಾಡು ಶುರು. ಅದೇ ಗಾಜು, ಅದೇ ಬೆರಳು, ಆದರೆ ಹಾಡು ಯಾರಿಗೂ ಕಾಯುವುದಿಲ್ಲ. ಮೇಲಿನಿಂದ ಜಾರಿ ಬರುವ ನೋಟ್, ಅಂದರೆ ಒತ್ತಬೇಕಾದ ಗುರುತು, ಕೆಳಗಿನ ಗೆರೆ ಮುಟ್ಟುವ ಹೊತ್ತಿಗೆ ಸರಿಯಾಗಿ ಬೆರಳು ಬೀಳಬೇಕು.

ಜಪಾನಿನಲ್ಲಿ ಈ ಜೋಡಿಗೆ ವಯಸ್ಸಾಗಿದೆ. ಓದುತ್ತಾ ಆಡುವ ಆಟಗಳ ಬೇರು ಯೂಜಿ ಹೋರಿಯಿ 1983ರಲ್ಲಿ ಮಾಡಿದ ಪೋರ್ಟೋಪಿಯಾ ಎಂಬ ಪತ್ತೇದಾರಿ ಆಟದವರೆಗೂ ಹೋಗುತ್ತದೆ. ತಾಳದ ಆಟಗಳಿಗೆ ದಾರಿ ತೋರಿಸಿದ್ದು 1996ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ಪರಪ್ಪ ದ ರ್‍ಯಾಪರ್. ಸಂಗೀತಗಾರ ಮಸಾಯಾ ಮತ್ಸುವುರ ಅದರ ಹಿಂದಿದ್ದವರು. ಅದರಲ್ಲೂ ಹಾಡು ಹಾಡಿನ ನಡುವೆ ಕತೆ ಇತ್ತು. 1997ರಲ್ಲಿ ಕೊನಾಮಿಯ ಬೀಟ್‌ಮೇನಿಯಾ, ಮರುವರ್ಷ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್ ಬಂದವು. ಫೋನಿನ ಕಾಲದಲ್ಲಿ ಎರಡೂ ಧಾರೆ ಗಟ್ಟಿಯಾಗಿ ಒಂದಾದವು: 2013ರ ಲವ್ ಲೈವ್! ಸ್ಕೂಲ್ ಐಡಲ್ ಫೆಸ್ಟಿವಲ್, 2017ರ ಬ್ಯಾಂಗ್ ಡ್ರೀಮ್! ಗರ್ಲ್ಸ್ ಬ್ಯಾಂಡ್ ಪಾರ್ಟಿ, 2020ರ ಪ್ರಾಜೆಕ್ಟ್ ಸೆಕೈ. ಕೊನೆಯದರಲ್ಲಿ ಹಾಡುವ ಹತ್ಸುನೆ ಮಿಕು ಮನುಷ್ಯಳೇ ಅಲ್ಲ. ಸಪ್ಪೊರೊ ನಗರದ ಕ್ರಿಪ್ಟಾನ್ ಕಂಪನಿ 2007ರಲ್ಲಿ ಹೊರತಂದ ಧ್ವನಿ ತಂತ್ರಾಂಶ ಅದು. ಮಿಕುಗೆ ಉಸಿರು ಎಳೆದುಕೊಳ್ಳುವ ಅಗತ್ಯ ಇಲ್ಲ. ಹಾಗಾಗಿ ಅವಳಿಗಾಗಿ ಬರೆದ ಎಷ್ಟೋ ಹಾಡುಗಳಲ್ಲಿ ಬಿಡುವೇ ಇಲ್ಲದೆ ಪದಗಳು ಸುರಿಯುತ್ತವೆ, ಬೆರಳಿಗೂ ಬಿಡುವಿರುವುದಿಲ್ಲ.

ಇಂಥ ಹಾಡನ್ನು ಆಡುವವರನ್ನು ನೋಡಿದವರು ಸಾಮಾನ್ಯವಾಗಿ ಹೇಳುವ ಮಾತು: “ಅಬ್ಬಾ, ಎಷ್ಟು ಚುರುಕು!” ನನಗೆ ಇದು ಸರಿಯಾದ ಹೊಗಳಿಕೆ ಅನ್ನಿಸುವುದಿಲ್ಲ. ಲೆಕ್ಕ ಹಾಕಿ ನೋಡೋಣ.

ನಿಮಿಷಕ್ಕೆ 180 ಬೀಟ್ ಇರುವ ಹಾಡು ಎಂದುಕೊಳ್ಳಿ. ಒಂದು ಬೀಟ್‌ಗೂ ಮುಂದಿನದಕ್ಕೂ ನಡುವೆ 333 ಮಿಲಿಸೆಕೆಂಡ್ ಅಂತರ. ಒಂದು ಬೀಟ್‌ನಲ್ಲಿ ನಾಲ್ಕು ನೋಟ್ ತುಂಬಿದರೆ ಅಂತರ 83 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಇತ್ತ, ದೀಪ ಹೊತ್ತಿದ್ದನ್ನು ಕಂಡು ಬೆರಳು ಒತ್ತಲು ಮನುಷ್ಯನಿಗೆ ಸುಮಾರು 200 ಮಿಲಿಸೆಕೆಂಡ್ ಬೇಕು. ಶಬ್ದ ಕೇಳಿ ಒತ್ತಲು ಸುಮಾರು 150. ಅಂದರೆ ಒಂದು ಶಬ್ದ ಕೇಳಿ ಬೆರಳು ಕೆಳಗಿಳಿಯುವ ಹೊತ್ತಿಗೆ ಇನ್ನೊಂದು ನೋಟ್ ದಾಟಿಹೋಗಿ ಅದರ ಮುಂದಿನದೂ ಬಾಗಿಲಿಗೆ ಬಂದಿರುತ್ತದೆ. ಆಟ ಕೊಡುವ ಗಡುವಂತೂ ಇನ್ನೂ ಚಿಕ್ಕದು. 2007ರಿಂದ ಜನ ಆಡುತ್ತಿರುವ ಓಸು ಎಂಬ ಆಟದಲ್ಲಿ ನಿಖರತೆಯ ಮಟ್ಟ 10 ಇದ್ದಾಗ ಪೂರ್ತಿ ಅಂಕ ಸಿಗಬೇಕಾದರೆ ಸರಿಯಾದ ಕ್ಷಣದಿಂದ ಆಚೀಚೆ ಸುಮಾರು 20 ಮಿಲಿಸೆಕೆಂಡ್ ಒಳಗೆ ಒತ್ತಬೇಕು. ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವ ಪರದೆಯಲ್ಲಿ ಒಂದು ಚಿತ್ರ ನಿಲ್ಲುವುದೇ 16.7 ಮಿಲಿಸೆಕೆಂಡ್!

ನೋಡಿ ಒತ್ತುವುದು ಇಲ್ಲಿ ಸಾಧ್ಯವೇ ಇಲ್ಲ. ಆಟಗಾರ ಮಾಡುತ್ತಿರುವುದು ಊಹೆ. ಬೀಟ್ ಎಲ್ಲಿ ಬೀಳುತ್ತದೆ ಎಂದು ಮಿದುಳು ಮೊದಲೇ ಅಂದಾಜು ಮಾಡಿ, ಬೆರಳಿಗೆ ಆಜ್ಞೆಯನ್ನು ಮುಂಚೆಯೇ ಕಳಿಸಿರುತ್ತದೆ.

ಈ ಊಹೆಗೆ ಒಂದು ಸೊಗಸಾದ ಸಾಕ್ಷಿ ಇದೆ. ಟಿಕ್ ಟಿಕ್ ಎನ್ನುವ ಮೆಟ್ರೊನೋಮ್‌ಗೆ ಸರಿಯಾಗಿ ಮೇಜು ತಟ್ಟಿ ಎಂದು ಯಾರಿಗಾದರೂ ಹೇಳಿ ಅಳೆದರೆ, ಬಹಳಷ್ಟು ಜನರ ತಟ್ಟು ಶಬ್ದಕ್ಕಿಂತ ಕೆಲವು ಹತ್ತು ಮಿಲಿಸೆಕೆಂಡ್ ಮೊದಲೇ ಬಿದ್ದಿರುತ್ತದೆ. ಅವರನ್ನೇ ಕೇಳಿದರೆ “ಸರಿಯಾಗೇ ತಟ್ಟಿದೆ” ಅನ್ನುತ್ತಾರೆ. ಇದು ನೂರು ವರ್ಷಕ್ಕೂ ಹಿಂದೆಯೇ ಗಮನಕ್ಕೆ ಬಂದ ಸಂಗತಿ. ಒಂದು ವಿವರಣೆ ಹೀಗಿದೆ: ಬೆರಳ ತುದಿಯ ಸ್ಪರ್ಶ ಮಿದುಳಿಗೆ ಮುಟ್ಟುವುದು ಕಿವಿಯ ಶಬ್ದಕ್ಕಿಂತ ತಡ. ಎರಡೂ ಒಟ್ಟಿಗೇ ಮುಟ್ಟಬೇಕಾದರೆ ಬೆರಳು ಸ್ವಲ್ಪ ಮೊದಲು ಬೀಳಲೇಬೇಕು, ಅಲ್ವಾ? ಕಾಲಲ್ಲಿ ತಟ್ಟಿಸಿದಾಗ ತಟ್ಟು ಇನ್ನೂ ಬೇಗ ಬೀಳುತ್ತದೆ. ಪಾದದಿಂದ ಮಿದುಳಿಗೆ ದಾರಿ ಉದ್ದ ಇರುವುದರಿಂದ ಇದು ಆ ವಿವರಣೆಗೆ ಚೆನ್ನಾಗಿ ಹೊಂದುತ್ತದೆ. ಸಂಗೀತ ಕಲಿತವರಲ್ಲಿ ಈ ಆತುರ ಕಡಿಮೆ. ಬರೀ ಟಿಕ್ ಟಿಕ್ ಬದಲು ತುಂಬಿದ ಸಂಗೀತ ಇದ್ದರೂ ಕಡಿಮೆಯಾಗುತ್ತದೆ, ಏಕೆಂದರೆ ಬೀಟ್‌ಗಳ ನಡುವಿನ ಚಿಕ್ಕ ಚಿಕ್ಕ ಸದ್ದುಗಳು ಊಹೆಗೆ ಆಸರೆ ಕೊಡುತ್ತವೆ.

ಮಿದುಳಿನೊಳಗೂ ಇದರ ಗುರುತು ಸಿಗುತ್ತದೆ. 2007ರಲ್ಲಿ ಸಂಶೋಧಕರಾದ ಜೆಸಿಕಾ ಗ್ರಾನ್ ಮತ್ತು ಮ್ಯಾಥ್ಯೂ ಬ್ರೆಟ್ ಸ್ಕ್ಯಾನರ್‌ನಲ್ಲಿ ಜನರನ್ನು ಮಲಗಿಸಿ ತಾಳದ ಮಾದರಿಗಳನ್ನು ಕೇಳಿಸಿದರು. ಬೀಟ್ ಸ್ಪಷ್ಟವಾಗಿದ್ದಾಗ ಚಲನೆಯನ್ನು ನಡೆಸುವ ಬೇಸಲ್ ಗ್ಯಾಂಗ್ಲಿಯಾದಂಥ ಭಾಗಗಳು ಜಾಸ್ತಿ ಚುರುಕಾದವು. ಕೈಕಾಲು ಆಡಿಸದೆ ಸುಮ್ನೆ ಕೇಳಿದರೂ ದೇಹ ಒಳಗೊಳಗೇ ತಯಾರಾಗುತ್ತದೆ ಎಂದಾಯಿತು.

ಇನ್ನು ಕಣ್ಣು ಮತ್ತು ಕಿವಿ. ಸಮಯದ ವಿಷಯದಲ್ಲಿ ಕಿವಿಯೇ ಮೇಲು. ಮಿನುಗುವ ದೀಪಕ್ಕೆ ತಟ್ಟುವುದಕ್ಕಿಂತ ಟಿಕ್ ಶಬ್ದಕ್ಕೆ ತಟ್ಟುವಾಗ ನಮ್ಮ ಬೆರಳು ಹೆಚ್ಚು ಸ್ಥಿರ. ಹೊಸಬರು ಜಾರಿ ಬರುವ ನೋಟನ್ನೇ ದಿಟ್ಟಿಸಿ, ಅದು ಗೆರೆ ಮುಟ್ಟಿದ್ದನ್ನು ಕಂಡು ಒತ್ತುತ್ತಾರೆ, ತಡವಾಗುತ್ತದೆ. ಪಳಗಿದವರ ಕಣ್ಣು ಗೆರೆಗಿಂತ ಮೇಲೆ, ಇನ್ನೂ ಬರಬೇಕಾದ ನೋಟ್‌ಗಳ ಮೇಲೆ ಇರುತ್ತದೆ. ಯಾವ ಸಾಲಿನಲ್ಲಿ ಒತ್ತಬೇಕು ಎಂದು ಕಣ್ಣು ಹೇಳುತ್ತದೆ, ಯಾವಾಗ ಒತ್ತಬೇಕು ಎಂದು ಕಿವಿ ಹೇಳುತ್ತದೆ.

ಆದರೆ ಕಿವಿಗೆ ಬರುವ ಶಬ್ದವೇ ತಡವಾಗಿ ಬಂದರೆ?

ಫೋನಿನಲ್ಲಿ ಇದೇ ದೊಡ್ಡ ತಲೆನೋವು. ಹಾಡಿನ ಕಡತ ಓದಿ, ಶಬ್ದವನ್ನು ಚೂರು ಚೂರಾಗಿ ಶೇಖರಿಸಿ ಸ್ಪೀಕರ್‌ಗೆ ಕಳಿಸುವಷ್ಟರಲ್ಲಿ ಒಂದಿಷ್ಟು ಸಮಯ ಹೋಗುತ್ತದೆ. ಬೆರಳು ಮುಟ್ಟಿದ್ದನ್ನು ಗಾಜು ಗುರುತಿಸಲು ಇನ್ನಷ್ಟು. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡರೆ ಶಬ್ದವನ್ನು ಕುಗ್ಗಿಸಿ, ಗಾಳಿಯಲ್ಲಿ ಕಳಿಸಿ, ಮತ್ತೆ ಬಿಡಿಸಬೇಕು. ಅನೇಕ ಸಾಧನಗಳಲ್ಲಿ ಇದಕ್ಕೇ 100ರಿಂದ 200 ಮಿಲಿಸೆಕೆಂಡ್ ಹಿಡಿಯುತ್ತದೆ. ನಮ್ಮ 180ರ ಹಾಡಿನಲ್ಲಿ ಅದು ಅರ್ಧ ಬೀಟ್‌ಗೂ ಮೀರಬಹುದು.

ವಿಚಿತ್ರ ಏನೆಂದರೆ, ಕತೆಯ ಭಾಗದಲ್ಲಿ ಇದೇ ವಿಳಂಬ ಅಷ್ಟಾಗಿ ತಿಳಿಯುವುದಿಲ್ಲ. ಟಿವಿ ಪ್ರಸಾರಕ್ಕಾಗಿ ಮಾಡಿದ ಅಂತರರಾಷ್ಟ್ರೀಯ ಶಿಫಾರಸಿನ ಪ್ರಕಾರ, ಚಿತ್ರಕ್ಕಿಂತ ಶಬ್ದ ಸುಮಾರು 45 ಮಿಲಿಸೆಕೆಂಡ್ ಮುಂದೆ ಬಂದರೆ ನೋಡುಗರಿಗೆ ಗೊತ್ತಾಗಲು ಶುರುವಾಗುತ್ತದೆ. ಹಿಂದೆ ಬಿದ್ದರೆ ಮಾತ್ರ ಸುಮಾರು 125ರವರೆಗೂ ಗೊತ್ತಾಗುವುದಿಲ್ಲ. ಪಾತ್ರದ ತುಟಿ ಅಲುಗಿ, ಮಾತು ಚೂರು ತಡವಾಗಿ ಕೇಳಿದರೂ ಮಿದುಳು ಎರಡನ್ನೂ ಜೋಡಿಸಿಕೊಳ್ಳುತ್ತದೆ. ಹಾಡು ಶುರುವಾದ ತಕ್ಷಣ ಆ ರಿಯಾಯಿತಿ ಮುಗಿಯಿತು. ನಾವು ಒತ್ತಿದ್ದಕ್ಕೆ ಬರುವ ‘ಟಪ್’ ಸದ್ದು ತಡವಾದರೆ ಇನ್ನೂ ಕಷ್ಟ. ತನ್ನದೇ ದನಿ ಸುಮಾರು 200 ಮಿಲಿಸೆಕೆಂಡ್ ತಡವಾಗಿ ಕೇಳಿಸಿದರೆ ಮನುಷ್ಯ ತೊದಲಲು ಶುರುಮಾಡುತ್ತಾನೆ ಎಂದು 1950ರ ದಶಕದಿಂದಲೂ ಗೊತ್ತಿದೆ. ಬೆರಳೂ ಹಾಗೇ ತೊದಲುತ್ತದೆ. ಅದಕ್ಕೇ ಎಷ್ಟೋ ಆಟಗಾರರು ಟ್ಯಾಪ್ ಸದ್ದನ್ನೇ ಆಫ್ ಮಾಡಿ ಆಡುತ್ತಾರೆ.

ಪರಿಹಾರ ಇದೆ, ಅದರ ಹೆಸರು ಕ್ಯಾಲಿಬ್ರೇಷನ್. ಆಟ ಒಂದೇ ಸಮನೆ ಟಿಕ್ ಸದ್ದು ಕೇಳಿಸುತ್ತದೆ, ನೀವು ತಟ್ಟುತ್ತಾ ಹೋಗುತ್ತೀರಿ. ಸರಾಸರಿ 90 ಮಿಲಿಸೆಕೆಂಡ್ ತಡ ಎಂದು ಬಂದರೆ, ಅಂದಿನಿಂದ ಆಟ ನಿಮ್ಮ ಪ್ರತಿ ಒತ್ತಿನಿಂದಲೂ 90 ಕಳೆದು ಲೆಕ್ಕ ಹಾಕುತ್ತದೆ. ಈ ಒಂದು ಸಂಖ್ಯೆಯಲ್ಲಿ ಫೋನಿನ ವಿಳಂಬವೂ ಇದೆ, ನಿಮ್ಮ ನರಗಳ ಆತುರವೂ ಇದೆ. ಎರಡನ್ನೂ ಬೇರೆ ಮಾಡುವ ಅಗತ್ಯವೇ ಇಲ್ಲ ಎನ್ನುವುದು ಈ ಉಪಾಯದ ಚೆಂದ. ಜೊತೆಗೆ ಒಳ್ಳೆಯ ಆಟಗಳು ನೋಟ್ ಎಲ್ಲಿರಬೇಕು ಎಂಬುದನ್ನು ಪರದೆಯ ಚಿತ್ರಗಳನ್ನು ಎಣಿಸಿ ತೀರ್ಮಾನಿಸುವುದಿಲ್ಲ. ಹಾಡು ಎಷ್ಟು ದೂರ ಬಂದಿದೆ ಎಂದು ಶಬ್ದದ ಗಡಿಯಾರವನ್ನೇ ಕೇಳುತ್ತವೆ. ಫೋನ್ ಬಿಸಿಯಾಗಿ ಚಿತ್ರ ತಡವರಿಸಿದರೂ ಹಾಡಿನ ಮಧ್ಯೆ ತಾಳ ತಪ್ಪುವುದಿಲ್ಲ.

ಕ್ಯಾಲಿಬ್ರೇಷನ್ ಮಾಡದೆ ಆಡಿದರೆ ಮಿದುಳೇ ಹೊಂದಿಕೊಳ್ಳಲು ನೋಡುತ್ತದೆ. 2006ರಲ್ಲಿ ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಅವರ ತಂಡ ಒಂದು ಪ್ರಯೋಗ ಪ್ರಕಟಿಸಿತು. ಗುಂಡಿ ಒತ್ತಿದ ಸ್ವಲ್ಪ ಹೊತ್ತಿನ ಮೇಲೆ ಬೆಳಕು ಮಿಂಚುವಂತೆ ಮಾಡಿ ಜನರನ್ನು ಅದಕ್ಕೆ ರೂಢಿ ಮಾಡಿಸಿದರು. ಆಮೇಲೆ ವಿಳಂಬವನ್ನು ತೆಗೆದರು. ಆಗ ಅವರಿಗೆ ತಾವು ಒತ್ತುವ ಮೊದಲೇ ಬೆಳಕು ಮಿಂಚಿದಂತೆ ಅನ್ನಿಸಿತು! ಹಳೆಯ ಫೋನಿಗೆ ಒಗ್ಗಿದವರು ಹೊಸ ಫೋನಿನಲ್ಲಿ ಇದ್ದಕ್ಕಿದ್ದಂತೆ ಎಡವುವುದಕ್ಕೆ ಇದೂ ಒಂದು ಕಾರಣ ಆಗಿರಬಹುದು.

ಹಾಗಾದರೆ ಕತೆ ಯಾಕೆ ಬೇಕು, ಬರೀ ಹಾಡು ಸಾಲದೇ? ನನ್ನ ಉತ್ತರ ಮತ್ತೆ ಊಹೆಗೇ ಬರುತ್ತದೆ. 2011ರಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದ ವ್ಯಾಲರಿ ಸಲಿಂಪೂರ್ ಮತ್ತು ಸಂಗಡಿಗರು, ಮೆಚ್ಚಿನ ಹಾಡು ಕೇಳುವಾಗ ಮಿದುಳಿನಲ್ಲಿ ಸುಖದ ಅನುಭವಕ್ಕೆ ನಂಟಿರುವ ಡೋಪಮೈನ್ ಎಂಬ ರಾಸಾಯನಿಕ ಎರಡು ಕಡೆ ಬಿಡುಗಡೆ ಆಗುವುದನ್ನು ತೋರಿಸಿದರು. ರೋಮಾಂಚನದ ಗಳಿಗೆಗೆ ಕಾಯುವಾಗ ಒಂದು ಕಡೆ, ಅದು ಬಂದಾಗ ಇನ್ನೊಂದು ಕಡೆ. ಬರಲಿದೆ ಎಂದು ಗೊತ್ತಿರುವುದೇ ಸುಖದ ಭಾಗ. ಆ ಹಾಡನ್ನು ಯಾರು ಬರೆದರು, ಅದರ ಯಾವ ಸಾಲಿನಲ್ಲಿ ಜಗಳ ಮುಗಿಯಿತು ಎಂದು ಕತೆಯಲ್ಲಿ ಓದಿ ಬಂದವರಿಗೆ ಆ ಸಾಲಿಗಾಗಿ ಕಾಯಲು ಇನ್ನೊಂದು ಕಾರಣ ಸಿಕ್ಕಿರುತ್ತದೆ. ಅವಸರ ಇಲ್ಲದೆ ಓದಿದ್ದೇ ಹಾಡಿನಲ್ಲಿ ಕೆಲಸಕ್ಕೆ ಬರುತ್ತದೆ. ಕತೆಯನ್ನು ದಾಟಿಸಿ ಸೀದಾ ಹಾಡಿಗೆ ಹೋಗುವವರು ಏನನ್ನೋ ಬಿಟ್ಟುಬಿಡುತ್ತಾರೆ ಎಂದೇ ನನಗೆ ಅನ್ನಿಸುತ್ತದೆ.

ಆಟ ಮಾಡುವವರಲ್ಲಿ ನನ್ನದೊಂದು ಕೋರಿಕೆ. ಕ್ಯಾಲಿಬ್ರೇಷನ್ ಅನ್ನು ಸೆಟ್ಟಿಂಗ್ಸ್‌ನ ಮೂಲೆಯಲ್ಲಿ ಇಡಬೇಡಿ, ಮೊದಲ ಹಾಡಿಗೂ ಮೊದಲು ಇಡಿ. ಎರಡು ಹಾಡು ಸೋತು “ನನಗೆ ತಾಳಜ್ಞಾನವೇ ಇಲ್ಲ” ಎಂದು ಆಟ ಅಳಿಸುವವರು ಎಷ್ಟೋ ಜನ. ನಿಜಕ್ಕೂ ಬೀಟ್ ಹಿಡಿಯಲಾಗದ ಸ್ಥಿತಿ ಬಹಳ ಅಪರೂಪ. 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಅಂಥ ಒಬ್ಬ ಯುವಕನನ್ನು ಗುರುತಿಸಿದ್ದೇ ಒಂದು ಪ್ರತ್ಯೇಕ ಸಂಶೋಧನಾ ವರದಿ ಆಯಿತು. ಅದಕ್ಕೆ ಎರಡು ವರ್ಷ ಮೊದಲು, ಹುಟ್ಟಿ ಎರಡು ಮೂರು ದಿನ ಆದ ಕೂಸುಗಳಿಗೆ ನಿದ್ದೆಯಲ್ಲಿ ಡ್ರಮ್ ತಾಳ ಕೇಳಿಸಿ ನಡುನಡುವೆ ಮೊದಲ ಪೆಟ್ಟನ್ನು ಬಿಟ್ಟಾಗ, ಅವುಗಳ ಮಿದುಳು ಆ ತಪ್ಪನ್ನು ಹಿಡಿದಿತ್ತು. ಸೋತವರು ಆಟ ಅಳಿಸುವ ಮೊದಲು ತಂತಿಯ ಇಯರ್‌ಫೋನ್ ಸಿಕ್ಕಿಸಿ, ಒಂದು ಸಲ ಕ್ಯಾಲಿಬ್ರೇಷನ್ ಮಾಡಿ, ಅದೇ ಹಾಡನ್ನು ಸುಲಭದ ಮಟ್ಟದಲ್ಲಿ ಮತ್ತೆ ಆಡಿ ನೋಡಲಿ.