ಬಂಡೆಗೆ ಅಂಟಿಕೊಂಡಷ್ಟೂ ಜಾರಿಕೆ ಹೆಚ್ಚು

ಮಧುಗಿರಿಯ ಏಕಶಿಲಾ ಬೆಟ್ಟದಲ್ಲಿ ಮೆಟ್ಟಿಲು ಮುಗಿದು ಬರಿ ಬಂಡೆ ಶುರುವಾಗುವ ಕಡೆ ಒಂದು ಬುದ್ಧಿಮಾತು ತಪ್ಪದೆ ಕಿವಿಗೆ ಬೀಳುತ್ತದೆ: "ಬಗ್ಗು, ಬಂಡೆ ಹಿಡ್ಕೊಂಡು ಹತ್ತು." ಹೇಳುವವರದು ಕಾಳಜಿಯೇ. ಆದರೆ ಹಿಡಿಯಲು ಏನೂ ಇಲ್ಲದ ಇಳಿಜಾರಿನಲ್ಲಿ ಅಂಗೈ ಊರಿದರೆ ಕಾಲಿನ ಹಿಡಿತವೇ ಸಡಿಲವಾಗುತ್ತದೆ.

60 ಕೆ.ಜಿ. ತೂಕದವರೊಬ್ಬರು 30 ಡಿಗ್ರಿ ಇಳಿಜಾರಿನಲ್ಲಿ ನೆಟ್ಟಗೆ ನಿಂತಿದ್ದಾರೆ ಅನ್ನಿ. ಅವರ ತೂಕ 52 ಕೆ.ಜಿ.ಯಷ್ಟು ಬಂಡೆಯನ್ನು ಒತ್ತುತ್ತದೆ, 30 ಕೆ.ಜಿ.ಯಷ್ಟು ಇಳಿಜಾರಿನುದ್ದಕ್ಕೂ ಕೆಳಕ್ಕೆಳೆಯುತ್ತದೆ. (ಎರಡೂ ಸೇರಿ 60 ದಾಟಿತಲ್ಲ ಎನ್ನಬೇಡಿ, ಒಂದಕ್ಕೊಂದು ಲಂಬವಾಗಿರುವ ಬಲಗಳನ್ನು ಹಾಗೆ ಕೂಡುವುದಿಲ್ಲ.) 30ನ್ನು 52ರಿಂದ ಭಾಗಿಸಿದರೆ 0.58. ಶೂ ಅಡಿಗೂ ಕಲ್ಲಿಗೂ ನಡುವಿನ ಘರ್ಷಣಾಂಕ, ಅಂದರೆ ಹಿಡಿತದ ಅಳತೆ, ಇದಕ್ಕಿಂತ ಹೆಚ್ಚಿದ್ದರೆ ಜಾರುವುದಿಲ್ಲ. ಒಣಗಿದ ಒರಟು ಗ್ರಾನೈಟಿನ ಮೇಲೆ ಒಳ್ಳೆಯ ರಬ್ಬರು 0.8ರ ಆಸುಪಾಸು ಕೊಡುತ್ತದೆ. ಅಂದರೆ ಇವರು ನಿಶ್ಚಿಂತೆಯಿಂದ ನಿಲ್ಲಬಹುದು.

ಈಗ ಹೆದರಿ ಬಗ್ಗಿ, ಬೆವೆತ ಅಂಗೈಗಳನ್ನು ಊರಿ, ಒತ್ತುವ ಭಾರದಲ್ಲಿ 10 ಕೆ.ಜಿ. ಕೈಗೆ ಬಿಟ್ಟರು. ಒದ್ದೆ ಅಂಗೈ ಜಾರುವುದನ್ನು ತಡೆಯುವುದು ಅಷ್ಟಕ್ಕಷ್ಟೆ. ಕೆಳಕ್ಕೆಳೆಯುವ 30 ಹೆಚ್ಚುಕಡಿಮೆ ಪೂರ್ತಿ ಕಾಲಿನ ಪಾಲಿಗೇ ಉಳಿಯಿತು, ಕಾಲು ಒತ್ತುವ ಭಾರ ಮಾತ್ರ 42ಕ್ಕೆ ಇಳಿಯಿತು. ಬೇಕಾದ ಘರ್ಷಣಾಂಕ 0.71ಕ್ಕೆ ಏರಿತು. ಬಂಡೆ ಬದಲಾಗಿಲ್ಲ, ಶೂ ಬದಲಾಗಿಲ್ಲ. ಬೆನ್ನು ಬಾಗಿದ್ದಕ್ಕೇ ಇಷ್ಟು ನಷ್ಟ. ದಪ್ಪಗಿರುವವರು ಬೇಗ ಜಾರುತ್ತಾರೆ ಎಂಬ ನಂಬಿಕೆಗೂ ಈ ಲೆಕ್ಕದಲ್ಲಿ ಜಾಗವಿಲ್ಲ. ತೂಕ ಎಳೆಯುವ ಕಡೆಯೂ ಇದೆ, ಒತ್ತುವ ಕಡೆಯೂ ಇದೆ, ಭಾಗಾಕಾರದಲ್ಲಿ ಹೊಡೆದುಹೋಗುತ್ತದೆ.

ಇಳಿಯುವಾಗಿನ ಕಥೆ ಬೇರೆ. ಸಮತಟ್ಟು ನೆಲದಲ್ಲಿ ನಡೆಯುವಾಗಲೂ ಪ್ರತಿ ಹೆಜ್ಜೆಯಲ್ಲಿ ಹಿಮ್ಮಡಿ ನೆಲವನ್ನು ಮುಂದಕ್ಕೆ ತಳ್ಳುತ್ತದೆ. ಅದಕ್ಕೆ ಸುಮಾರು 0.2 ಘರ್ಷಣಾಂಕ ಬೇಕು, ಅಂದರೆ 11 ಡಿಗ್ರಿ ಇಳಿಜಾರಿನ ಸಮ. ಅದೇ ದಾಪುಗಾಲನ್ನು 30 ಡಿಗ್ರಿ ಬಂಡೆಯಲ್ಲಿ ಕೆಳಮುಖವಾಗಿ ಹಾಕಿದರೆ ಕಾಲಿನ ಪಾಲಿಗೆ ಅದು 41 ಡಿಗ್ರಿ. ಬೇಕಾದದ್ದು 0.87ರ ಮೇಲೆ, ಇರುವುದು 0.8. ಹತ್ತುವಾಗ ಭದ್ರವಾಗಿದ್ದ ಜಾಗದಲ್ಲೇ ಇಳಿಯುವಾಗ ಬೀಳುವುದಕ್ಕೆ ಇದು ಮುಖ್ಯ ಕಾರಣ. ಅಂಗೈಯುದ್ದದ ಸಣ್ಣ ಹೆಜ್ಜೆ, ಕೊಂಚ ಮಡಿಸಿದ ಮಂಡಿ, ಹಿಮ್ಮಡಿಗೆ ಬದಲು ಇಡೀ ಪಾದ ಒಟ್ಟಿಗೆ ಊರುವುದು: ಈ ಮೂರರಿಂದ ಆ ಹೆಚ್ಚುವರಿ 11 ಡಿಗ್ರಿಯಲ್ಲಿ ಬಹುಪಾಲು ಕಳೆದುಹೋಗುತ್ತದೆ. ಆಳವಾದ ಗೀರುಗಳಿರುವ ದುಬಾರಿ ಟ್ರೆಕ್ಕಿಂಗ್ ಬೂಟು ಕೆಸರಿಗೆ ಲಾಯಕ್ಕು. ಇಲ್ಲಿ ಅಗಲ ಅಡಿಯ, ಮೆತ್ತನೆ ರಬ್ಬರಿನ ಕ್ಯಾನ್ವಾಸ್ ಶೂ ವಾಸಿ. ಸವೆದು ಗಟ್ಟಿಯಾದ ಪ್ಲಾಸ್ಟಿಕ್ ಚಪ್ಪಲಿ ಬೇಡವೇ ಬೇಡ.

ಇನ್ನು ಬಂಡೆಯ ವಿಷಯ. ಕಲ್ಲು ಬೆಳೆಯುತ್ತದೆ ಎನ್ನುವವರು ಇನ್ನೂ ಇದ್ದಾರೆ. ಕಲ್ಲು ಬೆಳೆಯುತ್ತಿಲ್ಲ, ಸುತ್ತಲಿನ ನೆಲ ಸವೆದು ಇಳಿದಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ತಣ್ಣಗಾದ ಶಿಲಾಪಾಕವೇ ಈ ಬೆಟ್ಟವೂ ಸೇರಿರುವ ಇಂದಿನ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿ. (ಕ್ಲೋಸ್‌ಪೇಟೆ ಎಂದರೆ ರಾಮನಗರ. ಮೈಸೂರಿನಲ್ಲಿ ಬ್ರಿಟಿಷರ ಪ್ರತಿನಿಧಿಯಾಗಿ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸ್‌ನ ಹೆಸರು ಊರಿನಿಂದ ಹೋಯಿತು, ಕಲ್ಲಿನಲ್ಲಿ ಉಳಿಯಿತು.) ಮೇಲಿನ ಭಾರ ಇಳಿದಂತೆ ಬಂಡೆ ಹಿಗ್ಗಿ, ಮೇಲ್ಮೈಗೆ ಸಮಾನಾಂತರವಾಗಿ ಪದರಪದರ ಬಿಡುತ್ತದೆ. ಕಾಲಿಟ್ಟಾಗ ಟೊಳ್ಳು ಸದ್ದು ಬಂದರೆ ಅದು ಬಿಟ್ಟ ಪದರ, ಅದರ ಅಂಚನ್ನು ತುಳಿಯಬಾರದು.

ಈ ಕಲ್ಲಿನ ಖನಿಜಗಳು ಒಂದೇ ವೇಗದಲ್ಲಿ ಸವೆಯುವುದಿಲ್ಲ. ಕಪ್ಪು ಬಯೊಟೈಟ್ ಮೊದಲು ಉಬ್ಬಿ ಬಿರಿಯುತ್ತದೆ, ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಯಾಗುತ್ತದೆ, ಬೆಣಚು ಹಾಗೇ ಉಳಿಯುತ್ತದೆ. ಹೊಸದಾಗಿ ಸವೆದ ಬಂಡೆಯಲ್ಲಿ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಬೆರಳಿಗೆ ತಾಗುವಷ್ಟು ಎದ್ದಿರುತ್ತವೆ. ರಬ್ಬರು ಅವುಗಳ ಸುತ್ತ ಅಮುಕಿಕೊಂಡು ಹಿಡಿಯುತ್ತದೆ. ಕಳಚಿಬಿದ್ದ ಬೆಣಚಿನ ಹರಳು ಮಾತ್ರ ಅಪಾಯಕಾರಿ: ಗಾರೆ ನೆಲದ ಮೇಲೆ ಚೆಲ್ಲಿದ ರಾಗಿಯ ಹಾಗೆ ಕಾಲಡಿ ಉರುಳುತ್ತದೆ, ಘರ್ಷಣಾಂಕದ ಲೆಕ್ಕವೇ ಬುಡಮೇಲು. ಜನ ನಡೆದು ನಡೆದು ಹೊಳಪು ಬಂದಿರುವ ದಾರಿಯ ನಡುಭಾಗಕ್ಕಿಂತ ಒಂದಡಿ ಪಕ್ಕದ ಒರಟೇ ಒಳ್ಳೆಯದು. ನೀರು ಹರಿದ ಕಡೆ ಕಾಣುವ ಕಪ್ಪು ಪಟ್ಟೆ ಕೊಳೆಯಲ್ಲ, ಸೈನೊಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳ ತೆಳು ಪೊರೆ. ಒಣಗಿದಾಗ ತೊಂದರೆಯಿಲ್ಲ. ಒಂದು ಹನಿ ಮಳೆ ಬಿದ್ದರೂ ಲೋಳೆ. ಮಳೆ ಬಂದರೆ ಪಟ್ಟೆಗಳು ಒಣಗುವವರೆಗೆ ಕೂತಿರಿ. ಸುತ್ತಲ ಬಂಡೆ ಒಣಗಿದ ಮೇಲೂ ಅವು ಒದ್ದೆಯಾಗಿರುತ್ತವೆ.

ಬೆಟ್ಟದ ತುದಿ ಸಮುದ್ರಮಟ್ಟದಿಂದ 1,190 ಮೀಟರಿನ ಆಸುಪಾಸು, ಊರಿನಿಂದ ಏರಬೇಕಾದ್ದು ಸುಮಾರು 400 ಮೀಟರು. ನೆರಳಿಲ್ಲ. ತಲಾ ಎರಡು ಲೀಟರ್ ನೀರು ಇರಲಿ. ದೊಣೆಗಳಲ್ಲಿ ನಿಂತ ನೀರು ಕುಡಿಯಲು ಬರುವುದಿಲ್ಲ.

ಕೆಳದಿಯ ರಾಣಿ ವೀರಮ್ಮಾಜಿಯನ್ನು ಹೈದರಾಲಿ ಸೆರೆಯಿಟ್ಟದ್ದು ಈ ಕೋಟೆಯಲ್ಲೇ, 1767ರಲ್ಲಿ ಮರಾಠರು ಬಿಡಿಸಿದರು. ಪಹರೆಯವರು ಮಳೆಯಲ್ಲೂ ಹತ್ತಿ ಇಳಿಯಬೇಕಿದ್ದ ಇಂಥ ಕೋಟೆಗಳಲ್ಲಿ ಕಲ್ಲುಕುಟಿಗರು ಇಳಿಜಾರಿನಲ್ಲಿ ಪಾದದಗಲದ ಗುಳಿ ಕಡಿದರು. ಗುಳಿಯ ತಳ ಸಮತಟ್ಟಾಗಿದ್ದರೆ ಬಂಡೆ ಎಷ್ಟೇ ಕಡಿದಾಗಿರಲಿ, ಕಾಲಿನ ಪಾಲಿಗೆ ಇಳಿಜಾರು ಸೊನ್ನೆ. ಆದರೆ ಹಲವು ಗುಳಿಗಳು ಪಾದದ ಮುಂಭಾಗ ಹಿಡಿಸುವಷ್ಟೇ ಆಳ. ಹೊರಮುಖವಾಗಿ ಇಳಿದರೆ ಹಿಮ್ಮಡಿ ಮಾತ್ರ ಒಳಗೆ, ಉಳಿದ ಪಾದ ಗಾಳಿಯಲ್ಲಿ. ಅಲ್ಲಿ ಮಾತ್ರ ಬಂಡೆಗೆ ಮುಖ ಮಾಡಿ, ಮೇಲಿನ ಗುಳಿಯ ಅಂಚನ್ನು ಬೆರಳಿನಿಂದ ಹಿಡಿದು, ಒಂದು ಕಾಲು ಭದ್ರವಾದ ಮೇಲೆ ಇನ್ನೊಂದನ್ನು ಕೆಳಗಿಳಿಸಬೇಕು. ಕೈಗೆ ಸಿಗುವ ಅಂಚಿದ್ದರೆ ಬಗ್ಗುವುದರಿಂದ ನಷ್ಟವಿಲ್ಲ. ಎಳೆತದ ಪಾಲನ್ನು ಅಲ್ಲಿ ಕೈಯೂ ಹೊರುತ್ತದೆ.