ಪ್ರೀ-ವರ್ಕೌಟ್ ಕುಡುದು ಮೈ ಜುಂ ಅಂದ್ರ ತಾಕತ್ತು ಬಂತು ಅಂತ ಅಲ್ರಿ

ಕಲಬುರಗಿ ಜಿಮ್‌ನಾಗ ಸಂಜಿಮುಂದ ನೋಡ್ರಿ, ಹುಡುಗುರು ಶೇಕರ್ ಅಲ್ಲಾಡಿಸಿ ಪ್ರೀ-ವರ್ಕೌಟ್ (ಕಸರತ್ತಿಗಿ ಮೊದಲು ನೀರಾಗ ಕಲಸಿ ಕುಡಿಯೋ ಪುಡಿ) ಕುಡಿತಾರ, ಸ್ವಲ್ಪ ಹೊತ್ತಿಗಿ ಮುಖ, ಕಿವಿ, ಅಂಗೈ ಎಲ್ಲಾ ಇರುವಿ ಹರದಂಗ ಜುಂ ಅಂತದ, "ಹತ್ತಿತು ನೋಡಲೇ" ಅಂತ ಬೆಂಚ್ ಪ್ರೆಸ್‌ಗಿ ಮಕ್ಕೊಂತಾರ. ಖರೆ ಅಂದ್ರ ಆ ಜುಂ ಅನ್ನೋದಕ್ಕೂ ಅವತ್ತು ಎತ್ತೋ ತೂಕಕ್ಕೂ ಸಂಬಂಧನೇ ಇಲ್ಲ.

ಅದು ಆ ಪುಡಿಯಾಗಿರೋ ಬೀಟಾ-ಅಲನೈನ್ ಅನ್ನೋ ಅಮೈನೋ ಆಮ್ಲದ ಆಟ. ಚರ್ಮದಾಗಿನ ನರ ಕೆಣಕ್ತದ, ಅಪಾಯ ಏನಿಲ್ಲ. ಅದರ ಅಸಲಿ ಕೆಲಸ ಸ್ನಾಯುದಾಗ, ಅಲ್ಲಿ ಹಿಸ್ಟಿಡಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲದ ಜೋಡಿ ಕೂಡಿ ಕಾರ್ನೊಸಿನ್ ಆಗ್ತದ, ಜೋರಾಗಿ ಸೆಟ್ ಹೊಡಿಯೋವಾಗ ಏರೋ ಆಮ್ಲ ತಡೀತದ. ಆದ್ರ ಕಾರ್ನೊಸಿನ್ ತುಂಬಾಕ ದಿನಾ 3ರಿಂದ 6 ಗ್ರಾಂ ಹಂಗ ವಾರಗಟ್ಲೆ ತಗೋಬೇಕು, ಮ್ಯಾಲ ಅದರ ಲಾಭ ಹೆಚ್ಚಾಗಿ 1ರಿಂದ 4 ನಿಮಿಷ ನಡಿಯೋ ಕೆಲಸಕ್ಕ, ಒಂದೇ ರೆಪ್ (ಒಂದು ಸಲ ಎತ್ತಿ ಇಳಿಸೋದು) ಹೆವಿ ಡೆಡ್‌ಲಿಫ್ಟ್‌ಗಲ್ಲ. ಸ್ನಾಯುಗಿ ಜೋರಿನ ಕೆಲಸಕ್ಕ ಶಕ್ತಿ ಒದಗಿಸೋ ಕ್ರಿಯೇಟಿನ್‌ದೂ ಅದೇ ಕಥಿ, ದಿನಾ 3ರಿಂದ 5 ಗ್ರಾಂ, ಮುಂಜಾನಿ ರೊಟ್ಟಿ ತಿಂದ ಮ್ಯಾಲ ಕುಡುದ್ರೂ ನಡೀತದ. ಶಕ್ತಿ ಬೆಳ್ಸೋ ವಿಷಯದಾಗ ಭಾಳ ಪುರಾವೆ ಇರೋದು ಇದಕ್ಕೇ, ಬಿಡಿಯಾಗಿ ತಗೊಂಡ್ರ ಅಗ್ಗನೂ ಹೌದು.

ಹಂಗಾದ್ರ ಅವತ್ತಿಂದವತ್ತೇ ಕೆಲಸ ಮಾಡೋದು ಯಾವ್ದು? ಮುಖ್ಯ ಕೆಫೀನ್. ದಣಿವಿನ ಸುದ್ದಿ ಮುಟ್ಟಿಸೋ ಅಡಿನೋಸಿನ್ ಮೆದುಳಿನಾಗ ಎಲ್ಲಿ ಹೋಗಿ ಕೂಡ್ತದೋ ಆ ಜಾಗ ಕೆಫೀನ್ ಹಿಡ್ಕೊಂಡು ಬಿಡ್ತದ, ಹಿಂಗಾಗಿ ಅದೇ ತೂಕ ಸ್ವಲ್ಪ ಹಗುರ ಅನಸ್ತದ, ಒಂದೆರಡು ರೆಪ್ ಹೆಚ್ಚು ಬರಬಹುದು, ಅಷ್ಟೇ, ಪವಾಡ ಏನಿಲ್ಲ. ಅಧ್ಯಯನದಾಗ ಬಳಸೋ ಪ್ರಮಾಣ ಸಾಮಾನ್ಯವಾಗಿ ಕಿಲೋ ತೂಕಕ್ಕ 3ರಿಂದ 6 ಮಿಲಿಗ್ರಾಂ, 70 ಕಿಲೋ ಹುಡುಗಗ 210ರಿಂದ 420 ಮಿಲಿಗ್ರಾಂ. ಸಕ್ಕರಿ, ಚಿಕೋರಿ ಇಲ್ಲದ ಗಟ್ಟಿ ಕಾಫಿ ಎರಡು ಕಪ್ ಹೊಡುದ್ರ ಹತ್ರತ್ರ ಆ 210ಕ್ಕೇ ಬರ್ತದ.

ತೊಂದ್ರಿ ಇರೋದು ಟೈಮ್‌ದಾಗ. ಕೆಫೀನ್ ಅರ್ಧ ಇಳಿಯಾಕ ಸುಮಾರು 5 ತಾಸು ಬೇಕು, ಸಂಜಿ 7ಕ್ಕ 300 ಮಿಲಿಗ್ರಾಂ ಕುಡುದ್ರ ರಾತ್ರಿ 12ಕ್ಕ ಇನ್ನಾ 150 ಮೈಯಾಗ ತಿರಗ್ತಿರ್ತದ, ಅದ್ರಾಗ ನಮ್ಮ ಊರಿನ ಮೇ ತಿಂಗಳ ಸೆಕಿ ಬ್ಯಾರೆ, ನಿದ್ದಿ ಎಲ್ಲಿಂದ ಬರಬೇಕು? ನಿದ್ದಿ ಕೆಟ್ರ ಮರುದಿನದ ಸ್ಕ್ವಾಟೂ ಕೆಡ್ತದ.

ಡಬ್ಬಿ ಮ್ಯಾಲ "ಪ್ರೊಪ್ರೈಟರಿ ಬ್ಲೆಂಡ್" ಅಂತ ಒಟ್ಟು ಗ್ರಾಂ ಅಷ್ಟೇ ಬರದಿದ್ರ ಅದನ್ನ ಅಲ್ಲೇ ಇಡ್ರಿ, ಕೆಫೀನ್ ಎಷ್ಟದ ಅಂತ ಗೊತ್ತಾಗಂಗಿಲ್ಲ. ಬಿಪಿ ಇದ್ದವ್ರು, ಹಾರ್ಟ್ ತೊಂದ್ರಿ ಇದ್ದವ್ರು ಡಾಕ್ಟರ್‌ಗ ಕೇಳದೇ ಮುಟ್ಟಬ್ಯಾಡ್ರಿ. ರೀಲ್ಸ್ ನೋಡಿ ನೀರಿಲ್ಲದ ಒಣ ಪುಡಿ ಬಾಯಿಗಿ ಸುರ್ಕೊಳ್ಳೋದಂತೂ ಶುದ್ಧ ಹುಚ್ಚಾಟ, ಪುಡಿ ಉಸಿರಿನ ಜೋಡಿ ಪುಪ್ಪಸಕ್ಕೂ ಹೋಗಬಹುದು.